ಪಾಲಿಗೆ ಬಂದ ಮುಚ್ಚಳ

ಹೋದ ತಿಂಗಳು ಹುಬ್ಬಳ್ಳಿಯಿಂದ ಒಬ್ಬರು ಬಂದಿದ್ದರು. ಹಳೆಯ ಪಿಂಗಾಣಿ ಸಾಮಾನು ಕೊಂಡು ದೊಡ್ಡ ಹೋಟೆಲುಗಳಿಗೆ, ಉಳ್ಳವರ ಮನೆಗಳಿಗೆ ಒದಗಿಸುವುದು ಅವರ ವ್ಯಾಪಾರ. ಬೆಟಗೇರಿಯ ನಮ್ಮ ಓಣಿಯಲ್ಲಿ ಕಾರು ತಿರುಗದೆ, ಅದನ್ನು ದೂರ ನಿಲ್ಲಿಸಿ ಬೆವರು ಒರೆಸಿಕೊಳ್ಳುತ್ತ ನಡೆದು ಬಂದರು. ಮಗ್ಗದ ಕೋಣೆಗೆ ಕರೆದೊಯ್ದೆ. ಈಗ ಅಲ್ಲಿ ಮಗ್ಗವಿಲ್ಲ. ಅಪ್ಪ ಕಾಲು ಇಳಿಬಿಟ್ಟು ಕೂರುತ್ತಿದ್ದ ಕುಣಿಯನ್ನು ಮುಚ್ಚಿ ಮೇಲೆ ಫರಸಿ ಹಾಸಿ ಎಷ್ಟೋ ಕಾಲವಾಯಿತು, ಆದರೂ ನಮ್ಮ ಬಾಯಲ್ಲಿ ಅದು ಮಗ್ಗದ ಕೋಣೆಯೇ. ಗೋಡೆಯ ತುಂಬ ಗೂಡುಗಳು, ಗೂಡುಗಳ ತುಂಬ ಅವ್ವ ಕೂಡಿಸಿಟ್ಟ ಪಿಂಗಾಣಿ. ಬಂದವರು ಮೊಬೈಲಿನ ಬೆಳಕು ಬಿಟ್ಟುಕೊಂಡು ಒಂದೊಂದು ತಟ್ಟೆಯನ್ನೂ ಬೋರಲು ಹಾಕಿ ತಳದ ಗುರುತು ನೋಡಿದರು. ನೋಡುತ್ತ ನೋಡುತ್ತ ಬಾಗಿಲ ಪಕ್ಕದ ಖಾಲಿ ಗೂಡಿನ ಮುಂದೆ ನಿಂತರು. ಆ ಗೂಡಿನಲ್ಲಿ ಏನೂ ಇಲ್ಲ, ದಿನಾ ಒರೆಸುವುದರಿಂದ ಧೂಳೂ ಇಲ್ಲ.

“ಇಲ್ಲಿದ್ದದ್ದನ್ನು ಯಾರಿಗೆ ಮಾರಿದಿರಿ ಮೇಡಂ? ಚಲೋದನ್ನೇ ಮೊದಲು ಕೊಟ್ಟುಬಿಟ್ಟಿರಿ ಅನ್ನಿಸುತ್ತದೆ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದು ನಮ್ಮ ಆಯಿಯಿಂದ, ಎಂದರೆ ಅಪ್ಪನ ತಾಯಿಯಿಂದ ನನಗೆ ಬಂದ ಆಸ್ತಿ. ಚಹಾ ಕುಡಿದು ಹೊರಡಿ, ಇಲ್ಲಿ ಮಾರುವಂಥದ್ದು ಏನೂ ಇಲ್ಲ ಎಂದುಬಿಟ್ಟೆ. ಪಾಪ, ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಚಹಾ ಮಾತ್ರ ಪೂರ್ತಿ ಕುಡಿದು ಹೋದರು. ಅವರು ಹೋದ ಮೇಲೆ ನಾನು ಆ ಗೂಡಿನ ಎದುರೇ ಕುಳಿತೆ. ನನ್ನ ಬಾಲ್ಯದ ಮನೆಯ ಬಗ್ಗೆ ಹೇಳುವುದಾದರೆ ಆ ಖಾಲಿ ಗೂಡಿನಿಂದಲೇ ಶುರು ಮಾಡಬೇಕು.

ಮನೆ ದೊಡ್ಡದಲ್ಲ. ಮುಂದೆ ಪಡಸಾಲೆ, ಅದರ ಬಲಕ್ಕೆ ಮಗ್ಗದ ಕೋಣೆ, ಹಿಂದೆ ಅಡುಗೆ ಮನೆ, ಹಿತ್ತಲು. ಬೆಳಗಾದರೆ ಅಪ್ಪನ ಲಾಳಿಯ ಸದ್ದು, ಅದರ ಜೊತೆಗೆ ಆಯಿಯ ಚರಕದ ಸದ್ದು. ಆಯಿ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕೈ ನೂಲಿನ ಮೇಲೆ, ಕಣ್ಣು ಮನೆಯ ಮೇಲೆ. ಯಾರು ಒಳಗೆ ಹೋದರು, ಯಾರು ಏನು ಹೊತ್ತು ತಂದರು, ಸಾರಿಗೆ ಎಷ್ಟು ಖಾರ ಬಿತ್ತು, ಎಲ್ಲ ಅಲ್ಲಿಂದಲೇ ಗೊತ್ತಾಗುತ್ತಿತ್ತು. ಅಪ್ಪನದು ಮಾತು ಕಡಿಮೆ. ಏನಾದರೂ ಕೇಳಿದರೆ ಲಾಳಿ ಒಂದು ಸಲ ಅತ್ತ, ಒಂದು ಸಲ ಇತ್ತ ಹೋಗಿ ಬಂದ ಮೇಲೆ ಉತ್ತರ. ಅವ್ವ, ಅವಳ ಹೆಸರು ಶಾಂತವ್ವ, ಈ ಇಬ್ಬರ ನಡುವೆ ಸದ್ದಿಲ್ಲದೆ ಓಡಾಡುತ್ತ, ಅಪ್ಪ ನೇಯ್ದ ಸೀರೆಗಳನ್ನು ಗಂಟು ಕಟ್ಟಿಕೊಂಡು ಊರೂರಿಗೆ ಹೋಗಿ ಮಾರಿ ಬರುತ್ತಿದ್ದಳು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಎಲ್ಲ ಬಸ್ಸುಗಳ ಕಂಡಕ್ಟರರಿಗೂ ಅವಳ ಗಂಟಿನ ಗುರುತು ಇತ್ತು.

ಆ ಗಂಟಿನ ನಟ್ಟನಡುವೆ, ಎರಡು ಸೀರೆಗಳ ಮಡಿಕೆಯಲ್ಲಿ, ಒಂದು ಪಿಂಗಾಣಿ ಮುಚ್ಚಳ ಇರುತ್ತಿತ್ತು. ಅದು ಬಂದದ್ದು ಅವ್ವನ ತವರಾದ ಮುಂಡರಗಿಯಿಂದ. ಅವಳಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಅವರ ತಾಯಿ ತೀರಿಕೊಂಡ ವರ್ಷವೇ ಅಣ್ಣತಮ್ಮ ಬೇರೆಯಾದರು. ಹೊಲ ಆಯಿತು, ಮನೆ ಆಯಿತು, ಎತ್ತು ಆಯಿತು, ಕೊನೆಗೆ ಬಾಂಡೆ ಸಾಮಾನಿನ ಸರದಿ ಬಂತು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ. ಹಿರಿಯರು ಸಾಮಾನನ್ನೆಲ್ಲ ಅಂಗಳದಲ್ಲಿ ಹರವಿಸಿ ಒಂದು ಅಣ್ಣನ ಕಡೆ, ಒಂದು ತಮ್ಮನ ಕಡೆ ಇಡುತ್ತ ಹೋದರು. ಮುಚ್ಚಳ ಇರುವ ಪಾತ್ರೆ ಬಂದಾಗ, ಮುಚ್ಚಳವೂ ಒಂದು ಸಾಮಾನೇ, ಅದನ್ನು ಬೇರೆ ಎಣಿಸಬೇಕು ಎಂದು ಸಣ್ಣಮಾವ ಹಟ ಹಿಡಿದ. ಹಿರಿಯರು ಬೇಸತ್ತು ಹೂಂ ಅಂದರು. ಹೀಗೆ ಅಜ್ಜಿ ಉಪ್ಪಿನಕಾಯಿ ಹಾಕುತ್ತಿದ್ದ ದೊಡ್ಡ ಭರಣಿ ದೊಡ್ಡಮಾವನಿಗೆ ಹೋಯಿತು, ಅದರ ಮುಚ್ಚಳ ಸಣ್ಣಮಾವನಿಗೆ ಬಂತು. ನ್ಯಾಯವೇನೋ ಸರಿಯಾಯಿತು. ಭರಣಿಗೆ ಮುಚ್ಚಳವಿಲ್ಲ, ಮುಚ್ಚಳಕ್ಕೆ ಭರಣಿಯಿಲ್ಲ. ಅವ್ವ ಬಸ್ಸಿಗೆ ಹೊರಟಾಗ ಸಣ್ಣಮಾವನಿಗೆ ಏನನ್ನಿಸಿತೋ, ಹಿಂದಿನಿಂದ ಓಡಿ ಬಂದು ಮುಚ್ಚಳವನ್ನು ಅವಳ ಕೈಗೆ ಕೊಟ್ಟನಂತೆ.

“ತಗೋ ಅಕ್ಕಾ. ನಿನಗೂ ಏನರ ಇರಲಿ.”

ಆ ಮುಚ್ಚಳವನ್ನು ನಾನು ಎಷ್ಟು ಸಲ ಕೈಯಲ್ಲಿ ಹಿಡಿದಿದ್ದೇನೋ. ಬೆಳ್ಳಗೆ, ಭಾರವಾಗಿ, ಮುಟ್ಟಿದರೆ ತಣ್ಣಗೆ. ಮೇಲೆ ನೀಲಿ ಬಣ್ಣದ ಒಂದು ಬಳ್ಳಿಯ ತುದಿ, ಅದಕ್ಕೆ ಹಣ್ಣಿನ ಗೊಂಚಲು. ಬಳ್ಳಿಯ ಉಳಿದ ಭಾಗ ಭರಣಿಯ ಮೇಲಿದೆ, ಅಲ್ಲಿ ಒಂದು ಹಕ್ಕಿ ಕೊಕ್ಕು ಮೇಲೆತ್ತಿ ಈ ಹಣ್ಣನ್ನೇ ನೋಡುತ್ತ ಕೂತಿದೆ ಎಂದು ಅವ್ವ ಹೇಳುತ್ತಿದ್ದಳು. ಚಿಕ್ಕವಳಿದ್ದಾಗ ಅವಳೂ ಅವಳ ತಮ್ಮನೂ ಆ ಹಕ್ಕಿಗೆ ಅನ್ನದ ಅಗುಳು ಅಂಟಿಸಿ ಬೈಸಿಕೊಳ್ಳುತ್ತಿದ್ದರಂತೆ. ನಾನು ಭರಣಿಯನ್ನು ಕಂಡವಳಲ್ಲ. ಆದರೂ ಎಲ್ಲೋ ಒಂದು ಹಕ್ಕಿ ಹಣ್ಣು ಕಾಣದೆ ಮೇಲೆ ನೋಡುತ್ತ ಕೂತಿದೆ ಎಂದು ನೆನೆದು, ಉಣ್ಣುವಾಗ ಒಮ್ಮೊಮ್ಮೆ ತುತ್ತನ್ನು ಕೈಯಲ್ಲೇ ಹಿಡಿದು ಕೂರುತ್ತಿದ್ದೆ.

ಪಾಲಾದ ಮೇಲೆ ಅವ್ವನಿಗೆ ತವರು ಇಲ್ಲವಾಯಿತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆಯಬೇಕು, ತವರಿಗೆ ಹೋಗಿ ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು, ಹೊಸ ಸೀರೆ ಉಟ್ಟು ಬರಬೇಕು. ಅಣ್ಣ ಕರೆಯಲಿ ಎಂದು ತಮ್ಮ ಸುಮ್ಮನಾದ, ತಮ್ಮ ಕರೆಯಲಿ ಎಂದು ಅಣ್ಣ ಸುಮ್ಮನಾದ. ಕರೆಯದೆ ಹೋಗುವ ಹೆಣ್ಣುಮಗಳಲ್ಲ ಅವ್ವ. ಪಂಚಮಿ ಬಂತೆಂದರೆ ನಮ್ಮ ಓಣಿಯ ಹೆಂಗಸರೆಲ್ಲ ಚೀಲ ಹಿಡಿದು ಹೊರಟುಬಿಡುತ್ತಿದ್ದರು. ಅವ್ವ ಮಾತ್ರ ಆಯಿಯ ಎದುರು ಕೂತು ಕಂಡಿಕೆ ಸುತ್ತುತ್ತಿದ್ದಳು. ಊರೂರಿನ ಹೆಣ್ಣುಮಕ್ಕಳಿಗೆ ಪಂಚಮಿ ಸೀರೆ ಮಾರಿ ಬಂದ ಕೈ ಅದು. ಆ ದಿನ ಆಯಿ ಅವಳನ್ನು ಒಂದು ಮಾತೂ ಬೈಯುತ್ತಿರಲಿಲ್ಲ. ತಾನೇ ಎದ್ದು ಶೇಂಗಾ ಉಂಡಿ ಕಟ್ಟಿ ಅವಳ ಮುಂದೆ ಇಡುತ್ತಿದ್ದಳು. ಉಳಿದ ದಿನಗಳ ಬೈಗುಳ ಕೇಳಿದ ನನಗೆ ಆ ಒಂದು ದಿನದ ಮೌನ ಎಷ್ಟು ದೊಡ್ಡದು ಎಂದು ಆಗ ತಿಳಿಯಲಿಲ್ಲ.

ಭರಣಿಯ ಖಬರು ಬಂದದ್ದು ಮುಂಡರಗಿಯ ಒಬ್ಬ ಹೆಂಗಸಿನಿಂದ. ಆಗ ಮನೆಮನೆಗೂ ಸ್ಟೀಲ್ ಬರುತ್ತಿದ್ದ ಕಾಲ. ಬುಟ್ಟಿಯಲ್ಲಿ ಹೊಳೆಯುವ ಬಾಂಡೆ ಹೊತ್ತು ಬರುವವರಿಗೆ ಜನ ಹಿತ್ತಾಳೆ, ತಾಮ್ರ, ಪಿಂಗಾಣಿ ಏನಿದ್ದರೂ ಕೊಟ್ಟು ಸ್ಟೀಲಿನ ಡಬ್ಬಿ ತೆಗೆದುಕೊಳ್ಳುತ್ತಿದ್ದರು. ಮುಚ್ಚಳವಿಲ್ಲದ ಭರಣಿ ಇಟ್ಟುಕೊಂಡು ಏನು ಮಾಡುವುದೆಂದು ದೊಡ್ಡಮಾವನ ಹೆಂಡತಿ ಅದನ್ನೂ ಕೊಟ್ಟಳಂತೆ. ಬಾಂಡೆಯವನು ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ತಿರುಗುವವನು ಎಂಬುದಷ್ಟೇ ಗೊತ್ತು. ಕೇಳಿ ಬಂದ ರಾತ್ರಿ ಅವ್ವ ಉಣ್ಣಲಿಲ್ಲ. ಮರುದಿನದಿಂದ ಮುಚ್ಚಳ ಸೀರೆಯ ಗಂಟು ಸೇರಿತು. ಯಾವ ಮನೆಗೆ ಹೋದರೂ ಸೀರೆಯ ವ್ಯವಹಾರ ಮುಗಿದ ಮೇಲೆ ಒಂದು ಮಾತು ಕೇಳುತ್ತಿದ್ದಳು.

“ನಿಮ್ಮನ್ಯಾಗ ಹಳೇ ಪಿಂಗಾಣಿ ಭರಣಿ ಏನರ ಅದಾವ ಏನ್ರಿ ಯವ್ವಾ?”

ಜನ ಇವಳಿಗೆ ಪಿಂಗಾಣಿಯ ಹುಚ್ಚು ಎಂದುಕೊಂಡರು. ಭರಣಿ ಇಲ್ಲ, ಇದನ್ನಾದರೂ ಒಯ್ಯಿರಿ ಎಂದು ಅಟ್ಟದ ಮೇಲಿನದನ್ನು ಇಳಿಸಿ ಕೊಡತೊಡಗಿದರು. ಕಪ್ಪು ಒಡೆದು ಉಳಿದ ಬಸಿ, ಜೋಡಿ ತಪ್ಪಿದ ತಟ್ಟೆ, ಹಿಡಿಕೆ ಹೋದ ಹಾಲಿನ ಪಾತ್ರೆ. ಬೇಡ ಎನ್ನಲು ಅವ್ವನಿಗೆ ಮನಸ್ಸು ಬರುತ್ತಿರಲಿಲ್ಲ. ಕೊಟ್ಟವರೇ ಅದರ ಕಥೆಯನ್ನೂ ಹೇಳಿ ಕಳಿಸುತ್ತಿದ್ದರು. ಗದಗಿನಿಂದ ಅರಳೆ ಒತ್ತಿ ಕಟ್ಟಿದ ಅಂಡಿಗೆಗಳು ರೈಲಿನಲ್ಲಿ ಮುಂಬೈಗೆ ಹೋಗುತ್ತಿದ್ದ ದಿನಗಳಲ್ಲಿ, ಅರಳೆ ಮಾರಲು ಹೋದ ಸಾಹುಕಾರರು ಬರುವಾಗ ಹುಲ್ಲಿನಲ್ಲಿ ಸುತ್ತಿದ ತಟ್ಟೆ, ಕಪ್ಪುಗಳ ಪೆಟ್ಟಿಗೆ ತರುತ್ತಿದ್ದರಂತೆ. ವಿಲಾಯತಿಯದಕ್ಕೆ ತಳದಲ್ಲಿ ಕಿರೀಟ, ಸಿಂಹ. ಜಪಾನಿನದು ತೆಳು, ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತದೆ. ಯಾರು ಏನು ಕೊಟ್ಟರೂ ಅವ್ವ ಮೊದಲು ಉಗುರಿನಿಂದ ತಟ್ಟಿ ಕಿವಿಯ ಹತ್ತಿರ ಹಿಡಿಯುತ್ತಿದ್ದಳು. ಗಂಟೆಯ ಸದ್ದು ಬಂದರೆ ಗಟ್ಟಿ, ಮಂಕಾಗಿ ಬಂದರೆ ಎಲ್ಲೋ ಸೀಳಿದೆ. ನೀಲಿ ಬಣ್ಣದ ಮೇಲೆ ಬೆರಳಾಡಿಸಿ, ನೇಕಾರರ ಸೊಸೆಯಲ್ಲವೇ, ಇದು ಪಕ್ಕಾ ಬಣ್ಣ, ತೊಳೆದರೆ ಹೋಗುವಂಥದ್ದಲ್ಲ ಎನ್ನುತ್ತಿದ್ದಳು. ಭರಣಿ ಹುಡುಕಲು ಹೋಗಿ ಉಳಿದದ್ದನ್ನೂ ಪ್ರೀತಿಸಲು ಕಲಿತಳು. ನಾನು ಅವಳ ಮಗ್ಗುಲಲ್ಲಿ ಕೂತು ಅದನ್ನೇ ಕಲಿತೆ. ಇವತ್ತಿಗೂ ಅಂಗಡಿಯಲ್ಲಿ ಹೊಸ ತಟ್ಟೆ ಕೊಳ್ಳುವಾಗ ತಟ್ಟಿ ಕಿವಿಗೆ ಹಿಡಿದು, ನನ್ನ ಮಗಳ ನಗೆಗೆ ಗುರಿಯಾಗುತ್ತೇನೆ.

ಮನೆಯಲ್ಲಿ ಇದಕ್ಕೆಲ್ಲ ಆಯಿಯ ವಿರೋಧ. ಪಿಂಗಾಣಿ ಅವಳ ಲೆಕ್ಕದಲ್ಲಿ ಮುಟ್ಟುವ ಪದಾರ್ಥವೇ ಅಲ್ಲ.

“ಅದರಾಗ ಎಲುವಿನ ಹಿಟ್ಟ ಹಾಕ್ತಾರಂತ. ಅಡಗಿ ಮನಿಗೆ ತಂದ್ರ ನಾ ಒಂದ ತುತ್ತ ಉಣ್ಣಾಕಿ ಅಲ್ಲ, ಹೇಳಿರತೀನಿ.”

“ನಮ್ಮನ್ಯಾಗಿನ ಉಪ್ಪಿನಕಾಯಿ ಭರಣಿನೂ ಪಿಂಗಾಣೀದ ಅಲ್ಲೇನ್ರಿ ಅತ್ತಿ?” ಅವ್ವ ಮೆಲ್ಲಗೆ ಕೇಳಿದಳು.

“ಭರಣಿ ಬ್ಯಾರೆ. ಭರಣಿ ಅಂದ್ರ ಭರಣಿ.”

ಈ ಮಾತಿಗೆ ಅಪ್ಪ ಕೂಡ ಲಾಳಿ ನಿಲ್ಲಿಸಿ ನಕ್ಕುಬಿಟ್ಟ. ಶಿರಹಟ್ಟಿಯ ದೇಸಗತಿಯ ಜಮೀನ್ದಾರರೊಬ್ಬರ ಮನೆಯಿಂದ ಮುಚ್ಚಳವಿರುವ ಅಗಲವಾದ ಬೋಗುಣಿ ಬಂದಾಗ ದೊಡ್ಡ ರಾದ್ಧಾಂತವೇ ಆಯಿತು. ಹಿಂದೆ ಯಾವನೋ ಬಿಳಿ ಸಾಹೇಬ ಅವರ ಮನೆಗೆ ಊಟಕ್ಕೆ ಬರುತ್ತಾನೆಂದು ತರಿಸಿದ್ದಂತೆ. ಅವ ಏನು ತಿಂದಿದ್ದನೋ ಏನೋ ಎಂದು ಆಯಿ ಅದಕ್ಕೆ ಹುಣಸೆಹಣ್ಣು, ಬೂದಿ ಹಚ್ಚಿ ಹಿತ್ತಲಿನಲ್ಲಿ ತಿಕ್ಕಿಸಿದ್ದೇ ತಿಕ್ಕಿಸಿದ್ದು. ಕೊನೆಗೆ ರಾಜಿಯಾಯಿತು. ಪಿಂಗಾಣಿಯೆಲ್ಲ ಮಗ್ಗದ ಕೋಣೆಯ ಗೂಡುಗಳಲ್ಲಿ ಇರಬೇಕು, ಅಡುಗೆ ಮನೆಯ ಹೊಸ್ತಿಲು ದಾಟಬಾರದು. ಬಾಗಿಲ ಪಕ್ಕದ ಗೂಡು ಮುಚ್ಚಳದ್ದು. ಅವ್ವ ಊರಿನಿಂದ ಬಂದ ಕೂಡಲೇ ಅದನ್ನು ಅಲ್ಲಿಡುತ್ತಿದ್ದಳು, ಹೊರಡುವಾಗ ತೆಗೆದುಕೊಳ್ಳುತ್ತಿದ್ದಳು. ಇಷ್ಟೆಲ್ಲ ಬೈಯುವ ಆಯಿ, ಅವ್ವ ಗಂಟು ಇಳಿಸುವ ಮೊದಲೇ ಚರಕ ನಿಲ್ಲಿಸಿ ಕೇಳುವ ಪ್ರಶ್ನೆ ಮಾತ್ರ ಒಂದೇ.

“ಸಿಕ್ತೇನು?”

“ಇಲ್ರಿ ಅತ್ತಿ.”

“ಹೂಂ. ಕೈಕಾಲ ತೊಕ್ಕೊ, ರೊಟ್ಟಿ ಆರಾಕತ್ತಾವು.”

ಹೀಗೆ ವರ್ಷಗಳು ಹೋದವು. ಒಂದು ಬೇಸಿಗೆಯ ಕೊನೆಗೆ, ಶಾಲೆ ಇನ್ನೂ ಶುರುವಾಗದಿದ್ದಾಗ, ಪಂಚಮಿ ಸೀರೆಯ ಗಂಟಿನ ಜೊತೆ ಅವ್ವ ನನ್ನನ್ನೂ ಲಕ್ಷ್ಮೇಶ್ವರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಕಾಳುಕಡಿ ವ್ಯಾಪಾರದವರ ಒಂದು ಮನೆಗೆ ಹೊಸದಾಗಿ ಹೋದೆವು. ಯಜಮಾನಿ ಗೌರವ್ವ ಅವ್ವನಿಗಿಂತ ಬಹಳ ಹಿರಿಯಳು, ಬಾಯಿ ತುಂಬ ಮಾತು. ಸೊಸೆಯರಿಗೆ ಸೀರೆ ಆರಿಸುತ್ತ ತನ್ನ ಮನೆಯ ಕಥೆಯೆಲ್ಲ ಹೇಳಿದಳು. ಗಂಡುಮಕ್ಕಳೇ ಎಲ್ಲ, ಹೆಣ್ಣು ಒಂದೂ ಹುಟ್ಟಲಿಲ್ಲ. ಪಂಚಮಿ ಬಂದರೆ ಸೊಸೆಯರು ಅವರವರ ತವರಿಗೆ ಹೋಗುತ್ತಾರೆ, ಈ ಮನೆಗೆ ಬರುವವರು ಯಾರೂ ಇಲ್ಲ, ಕಟ್ಟಿದ ಜೋಕಾಲಿ ಸುಮ್ಮನೆ ತೂಗಾಡುತ್ತದೆ ಎಂದಳು. ಮಧ್ಯಾಹ್ನವಾಗಿತ್ತು. ಹಸಿದ ಹೊತ್ತಿನಲ್ಲಿ ಹೆಣ್ಣುಮಕ್ಕಳನ್ನು ಹಾಗೇ ಕಳಿಸಲಾರೆ ಎಂದು ಪಡಸಾಲೆಯಲ್ಲೇ ನಮಗೆ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಉಪ್ಪಿನಕಾಯಿ ಹಾಕುವಾಗ ಒಂದು ಮಾತು ಸೇರಿಸಿದಳು.

“ಹೊಸಾದು ಹಾಕೇವಿ, ಇನ್ನಾ ಕೂಡಿಲ್ಲ. ಕೂಡೂದರಾಗ ಬೂಸು ಹಿಡೀತೈತಿ ನೋಡ್ರಿ, ವರ್ಷಾ ಇದ ಹಾಡು. ಭರಣಿ ಛಲೋ ಐತಿ, ಅದಕ್ಕ ಮುಚ್ಚಳಿಲ್ಲ. ಅರಿವಿ ಕಟ್ಟಿ ಮ್ಯಾಲೆ ತಾಟ ಮುಚ್ಚತೀವಿ, ನಿಲ್ಲಂಗಿಲ್ಲ.”

ಅವ್ವನ ಕೈ ರೊಟ್ಟಿಯ ಮೇಲೆಯೇ ನಿಂತಿತು. ಆಮೇಲೆ ತುತ್ತನ್ನು ತಾಟಿನಲ್ಲಿ ಇಳಿಸಿ, ಒಮ್ಮೆ ಆ ಭರಣಿ ನೋಡಬಹುದೇ ಎಂದು ಕೇಳಿದಳು. ಗೌರವ್ವ ಏನೂ ಅಂದುಕೊಳ್ಳದೆ ನಮ್ಮನ್ನು ಒಳಗಿನ ಉಗ್ರಾಣಕ್ಕೆ ಕರೆದೊಯ್ದಳು. ಮೂಲೆಯ ಮಣೆಯ ಮೇಲೆ ಭರಣಿ ಕೂತಿತ್ತು. ನಾನು ಅವ್ವನಿಗಿಂತ ಮೊದಲು ಹಕ್ಕಿಯನ್ನು ನೋಡಿದೆ. ನೀಲಿ ಹಕ್ಕಿ, ಕೊಕ್ಕು ಮೇಲೆತ್ತಿತ್ತು, ಅದರ ತಲೆಯ ಮೇಲೆ ಕೆಂಪು ಅರಿವೆ, ಅರಿವೆಯ ಮೇಲೊಂದು ಸ್ಟೀಲಿನ ತಾಟು. ನಾನು ಅವ್ವನ ಸೆರಗು ಹಿಡಿದು ಜಗ್ಗಿದೆ. ಅವ್ವ ಪಡಸಾಲೆಗೆ ಹೋಗಿ ಗಂಟು ಬಿಚ್ಚಿ ಮುಚ್ಚಳ ತಂದಳು. ಗೌರವ್ವ ತಾಟು ತೆಗೆದು ಅರಿವೆಯ ಗಂಟು ಸಡಿಲಿಸಿದಳು. ಅವ್ವ ಎರಡೂ ಕೈಯಿಂದ ಮುಚ್ಚಳವನ್ನು ಇಳಿಸಿ, ಬಳ್ಳಿಗೆ ಬಳ್ಳಿ ಸೇರುವ ತನಕ ಮೆಲ್ಲಗೆ ತಿರುಗಿಸಿದಳು. ಅದು ತನ್ನ ಜಾಗದಲ್ಲಿ ಕೂತಿತು. ಹಣ್ಣು ಹಕ್ಕಿಯ ಕೊಕ್ಕಿನ ನೇರಕ್ಕೆ ಬಂತು. ಅವ್ವ ಭರಣಿಯ ಮೇಲೆ ಕೈ ಇಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಅವ್ವ ಅಳಲಿಲ್ಲ. ತಾಯಿ ಸತ್ತದ್ದು, ಪಾಲಾದದ್ದು, ಮುಚ್ಚಳ ಕೈಗೆ ಬಂದದ್ದು, ಎಲ್ಲವನ್ನೂ ಸೀರೆಯ ಅಂಚು ವಿವರಿಸುವ ದನಿಯಲ್ಲೇ ಹೇಳಿದಳು. ಅತ್ತವಳು ಗೌರವ್ವ. ಸೆರಗಿನಿಂದ ಮೂಗು ಒರೆಸಿಕೊಂಡು, ಇದು ನಿಮ್ಮ ತಾಯಿಯ ಭರಣಿ, ನೀವೇ ಒಯ್ಯಿರಿ, ಉಪ್ಪಿನಕಾಯಿಯನ್ನು ಬೇರೆ ಯಾವುದಕ್ಕಾದರೂ ತೆಗೆಯುತ್ತೇವೆ ಎಂದಳು. ಸೊಸೆಯನ್ನು ಕೂಗಿ ಪಾತ್ರೆ ತರಲೂ ಹೇಳಿಬಿಟ್ಟಳು. ನಾನು ಆಗಲೇ ಬಸ್ಸಿನಲ್ಲಿ ಭರಣಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಸಿದ್ಧಳಾಗಿದ್ದೆ. ಆದರೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಆ ವರ್ಷಕ್ಕೆಂದು ಹಾಕಿದ ಉಪ್ಪಿನಕಾಯಿಯನ್ನು, ಉಪ್ಪು ಖಾರ ಕೂಡಿ ಹದಕ್ಕೆ ಬರುವ ಮೊದಲು ಬೇರೆ ಪಾತ್ರೆಗೆ ಸುರಿದು ಭರಣಿ ಖಾಲಿ ಮಾಡುವುದಿಲ್ಲ. ಮಾಡಿದರೆ ಆ ಮನೆಯ ಅಡುಗೆ ಮನೆ ಬರಿದಾಗುತ್ತದೆ ಎನ್ನುತ್ತಾರೆ. ಅವ್ವ ಎದ್ದು ಸೊಸೆಯನ್ನು ತಡೆದಳು.

“ಬ್ಯಾಡ್ರಿ ಯವ್ವಾ. ತುಂಬಿದ ಭರಣಿ ಖಾಲಿ ಮಾಡಿಸಿ ಒಯ್ಯಾಕ ಬರೂದಿಲ್ಲ. ನಮ್ಮವ್ವಾನೂ ಒಪ್ಪತಿದ್ದಿಲ್ಲ. ಇಲ್ಲೆ ಉಣ್ಣಾವರ ಅದಾರ, ಇಲ್ಲೆ ಇರಲಿ. ಮುಚ್ಚಳಾನೂ ಇಲ್ಲೆ ಇರಲಿ.”

ಬಸ್ಸಿನಲ್ಲಿ ನಾನು ಅವ್ವನೊಂದಿಗೆ ಮಾತಾಡಲಿಲ್ಲ. ಇಷ್ಟು ವರ್ಷ ಹುಡುಕಿ, ಸಿಕ್ಕಮೇಲೆ ಕೈಯಲ್ಲಿದ್ದದ್ದನ್ನೂ ಕೊಟ್ಟು ಬರುವುದೇ? ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದೆ. ಅವ್ವ ಗಂಟಿನ ಮೇಲೆ ತಲೆಯಿಟ್ಟು ಗದಗ ಬರುವ ತನಕ ನಿದ್ದೆ ಮಾಡಿದಳು. ಪ್ರಯಾಣದಲ್ಲಿ ಅವಳು ಹಾಗೆ ನಿದ್ದೆ ಹೋದದ್ದನ್ನು ನಾನು ಮೊದಲು ನೋಡಿರಲಿಲ್ಲ. ಮನೆಗೆ ಬಂದಾಗ ಆಯಿ ಎಂದಿನಂತೆ ಚರಕ ನಿಲ್ಲಿಸಿದಳು.

“ಸಿಕ್ತೇನು?”

“ಸಿಕ್ತ್ರಿ ಅತ್ತಿ.”

ಆಯಿ ಕಂಬ ಹಿಡಿದು ಎದ್ದು ನಿಂತಳು. ಗಂಟನ್ನು ನೋಡಿದಳು, ನನ್ನ ಕೈ ನೋಡಿದಳು. ಭರಣಿ ಎಲ್ಲಿ ಎಂದು ಕೇಳಿದಳು. ಅವ್ವ ನಡೆದದ್ದನ್ನು ಹೇಳಿದಾಗ ಆಯಿಯ ಸಿಟ್ಟು ನೆತ್ತಿಗೇರಿತು.

“ಕೊಟ್ಟ ಬಂದ್ಯಾ? ನಿನ್ನ ತವರಮನೀದು ಅಂತ ಇದ್ದದ್ದು ಅದ ಒಂದು. ಅದನ್ನೂ ಕೊಟ್ಟ ಬಂದ್ಯಲ್ಲ, ಏನ ಹೇಳಬೇಕ ನಿನಗ?”

ಇಷ್ಟು ವರ್ಷ ಮುಚ್ಚಳವನ್ನು ಅಡುಗೆ ಮನೆಯ ಹೊಸ್ತಿಲು ದಾಟಲು ಬಿಡದವಳು ಇವಳೇ. ಅಂದು ರಾತ್ರಿ ಉಂಡಳೋ ಇಲ್ಲವೋ, ಬಹಳ ದಿನ ಮುಖ ಊದಿಸಿಕೊಂಡೇ ಇದ್ದಳು. ಮಗ್ಗದ ಕೋಣೆಗೆ ಹೋದಾಗಲೆಲ್ಲ ಖಾಲಿ ಗೂಡಿನ ಕಡೆ ನೋಡಿ ತುಟಿ ಕೊಂಕಿಸುತ್ತಿದ್ದಳು. ನಾನು ಆಯಿಯ ಪಕ್ಷ. ಇಬ್ಬರೂ ಸೇರಿ ಅವ್ವನ ಮೇಲೆ ಮುನಿಸಿಕೊಂಡಿದ್ದೆವು.

ಶ್ರಾವಣ ಬಂತು. ಓಣಿಯ ಹೆಂಗಸರು ಒಬ್ಬೊಬ್ಬರೇ ಹೊರಟರು. ಅವ್ವ ಎಂದಿನಂತೆ ಆಯಿಯ ಎದುರು ನೂಲು ಹಿಡಿದು ಕೂತಳು. ಆಯಿ ಉಂಡಿ ಕಟ್ಟಲು ಶೇಂಗಾ ಹುರಿದಿಟ್ಟಿದ್ದಳು. ಆಗ ಬಾಗಿಲಲ್ಲಿ ಬಿಳಿ ಅಂಗಿಯ ಗಂಡಸೊಬ್ಬ, ಅರಿವೆ ಮುಚ್ಚಿದ ಬುಟ್ಟಿ ಹಿಡಿದು, ಚಪ್ಪಲಿ ಬಿಟ್ಟು ನಿಂತ.

“ಯಾರಪಾ ನೀ?” ಎಂದಳು ಆಯಿ.

“ಲಕ್ಷ್ಮೇಶ್ವರದಾವ್ರಿ ಆಯಿ, ಬಸಣ್ಣ ಅಂತ. ಭರಣಿ ಮನ್ಯಾವ.” ಅವನು ಅವ್ವನ ಕಡೆ ತಿರುಗಿದ. “ಅಕ್ಕಾರ, ನಮ್ಮವ್ವ ಕಳಿಸ್ಯಾಳ್ರಿ. ಪಂಚಮಿಗಿ ಕರಕೊಂಡ ಬಾ ಅಂದಾಳ. ಜೋಕಾಲಿ ಕಟ್ಟೇವಿ.”

ಚರಕ ನಿಂತಿತು. ಒಳಗೆ ಲಾಳಿಯೂ ನಿಂತಿತು. ಅವ್ವ ಕೈಯಲ್ಲಿನ ನೂಲನ್ನು ಬಿಡಲೂ ಇಲ್ಲ, ಏಳಲೂ ಇಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಭರಣಿ ಸಿಕ್ಕಾಗ ಬಾರದ ಅಳು ಈಗ ಬಂತು. ಆಯಿ ಅವಳ ಕೈಯಿಂದ ನೂಲು ಕಿತ್ತುಕೊಂಡಳು.

“ಅಳತೀ ಯಾಕ? ತವರಮನ್ಯಾವರು ಕರಿಯಾಕ ಬಂದಾರ. ಜಲ್ದಿ ತಯಾರಾಗು.”

ಅಪ್ಪ ಮಗ್ಗದ ಕುಣಿಯಿಂದ ಎದ್ದು ಬಂದ. ಮಾರಲೆಂದು ಮಡಚಿಟ್ಟ ಸೀರೆಗಳಲ್ಲಿ ಎಲ್ಲಕ್ಕಿಂತ ಚೆಂದದ್ದನ್ನು ತೆಗೆದು ಅವ್ವನ ಮಡಿಲಿಗೆ ಹಾಕಿದ. ಆಯಿ ಮಗ್ಗದ ಕೋಣೆಗೆ ಹೋದಳು. ಬರುವಾಗ ಅವಳ ಕೈಯಲ್ಲಿ ನೀಲಿ ಹೂವಿನ ಕಪ್ಪು-ಬಸಿಯ ಜೋಡಿ ಇತ್ತು. ಅದನ್ನು ಹಿಡಿದುಕೊಂಡೇ ಅಡುಗೆ ಮನೆಯ ಹೊಸ್ತಿಲು ದಾಟಿ ಬಸಣ್ಣನಿಗೆ ಚಹಾ ಮಾಡಲು ಇಟ್ಟಳು. ಯಾರೂ ಏನೂ ಅನ್ನಲಿಲ್ಲ, ಅಂದಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ.

ನಾನೂ ಜೊತೆಗೆ ಹೋದೆ. ಅವ್ವ ಜೋಕಾಲಿಯಲ್ಲಿ ನಿಂತು ಜೀಕುವುದನ್ನು ಆಗಲೇ ನಾನು ಮೊದಲ ಸಲ ನೋಡಿದ್ದು. ಮೊಣಕಾಲು ಬಗ್ಗಿಸಿ ಬಗ್ಗಿಸಿ ಮೇಲೇರುತ್ತಿದ್ದ ಆ ಹುಡುಗಿ ನಮ್ಮ ಮನೆಯಲ್ಲಿ ಇಷ್ಟು ವರ್ಷ ಎಲ್ಲಿದ್ದಳೋ ನನಗೆ ತಿಳಿಯದು. ಊಟದ ಹೊತ್ತಿಗೆ ಗೌರವ್ವ ಭರಣಿ ತೆರೆಯಲು ಅವ್ವನನ್ನೇ ಕರೆದಳು. ಉಪ್ಪಿನಕಾಯಿಗೆ ಬೂಸು ಹಿಡಿದಿರಲಿಲ್ಲ. ಮುಂದೆ ಅವ್ವ ಇರುವ ತನಕ ಪ್ರತಿ ಪಂಚಮಿಗೂ ಆ ಮನೆಯಿಂದ ಕರೆ ಬಂತು. ಈಗ ಅವರ ಮೊಮ್ಮಕ್ಕಳು ನನಗೆ ಫೋನ್ ಮಾಡಿ ಕರೆಯುತ್ತಾರೆ, ನಾನು ಹೋಗುತ್ತೇನೆ.

ಆ ಮೊದಲ ಪಂಚಮಿ ಮುಗಿಸಿ ನಾವು ಹಿಂತಿರುಗುವಾಗ ಗೌರವ್ವ ಉಂಡಿಯ ಡಬ್ಬಿಯ ಜೊತೆಗೆ ಒಂದು ಹಳೆಯ ತಟ್ಟೆಯನ್ನೂ ಕೊಟ್ಟಿದ್ದಳು. ಮನೆಗೆ ಬಂದು ಅವ್ವ ಅದನ್ನು ಉಗುರಿನಿಂದ ತಟ್ಟಿ, ಕೇಳಿ, ಬಾಗಿಲ ಪಕ್ಕದ ಖಾಲಿ ಗೂಡಿನಲ್ಲಿ ಇಡಲು ಕೈ ಎತ್ತಿದಳು. ಪಡಸಾಲೆಯ ಕಂಬದಿಂದ ಆಯಿಯ ದನಿ ಬಂತು.

“ಅಲ್ಲೆ ಏನೂ ಇಡಬ್ಯಾಡ. ಆ ಗೂಡು ಹಂಗ ಇರಲಿ. ಯಾರರ ಕೇಳಿದ್ರ ನಾ ಹೇಳತೀನಿ, ಅಲ್ಲಿದ್ದದ್ದು ನಮ್ಮ ಸೊಸಿ ತವರಮನ್ಯಾಗ 
ಐತಿ ಅಂತ.”